ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರ ಪರವಾಗಿ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: ‘ಸೈಲೊಸೈಬಿನ್ ಎಂಬ ಭ್ರಮೆ ಹುಟ್ಟಿಸುವ ಅಂಶವಿರುವ ಅಣಬೆ ತಿಂದವರ ಪಕ್ಕದಲ್ಲಿ ಗುಟ್ಟಾಗಿ ಕೂತು ಕಾಯುವ ಮಾರ್ಗದರ್ಶಕರನ್ನು ನೀವು ಅನುಮಾನದಿಂದಲೇ ನೋಡುತ್ತೀರಿ. ನನ್ನ ಮಾರ್ಗದರ್ಶಕಿ ಇಡೀ ದಿನ ಹೆತ್ತತಾಯಿಯಂತೆ ನೋಡಿಕೊಂಡರು. ಅಣಬೆ ಕೊಟ್ಟು ಚಿಕಿತ್ಸೆ ಮಾಡುತ್ತಿದ್ದ ಮೆಕ್ಸಿಕೊದ ಮರಿಯಾ ಸಬೀನಾ ಯಾವ ಸರ್ಕಾರದ ಪರವಾನಗಿ ಪಡೆದಿದ್ದರು?’

ಪ್ರಶ್ನೆ ಚುರುಕಾಗಿದೆ. ಇಂಥ ವಸ್ತುಗಳನ್ನು ನಿಷೇಧಿಸಿದ ಅಮೆರಿಕದ 1970ರ ಮಾದಕವಸ್ತು ಕಾನೂನಿನ ನಂತರವೂ ಈ ಕಸುಬನ್ನು ಉಳಿಸಿಕೊಂಡವರಲ್ಲಿ ಲಿಯೋ ಜೆಫ್ ಅವರಂಥ ಗುಪ್ತ ಚಿಕಿತ್ಸಕರಿದ್ದರು. ಕಾನೂನುಬದ್ಧವಾಗಿ ಅಣಬೆ ಕೊಡುವ, ಅಮೆರಿಕದ ಆರೆಗಾನ್ ರಾಜ್ಯದ ಪರವಾನಗಿ ಕೇಂದ್ರಗಳಲ್ಲಿ ಒಂದು ಸಲಕ್ಕೆ ಸಾವಿರ ಡಾಲರ್ ಮೀರುವುದೂ ಉಂಟು. ಇವೆರಡನ್ನೂ ಒಪ್ಪಿ ಮುಂದುವರಿಯುತ್ತೇನೆ.

ಮರಿಯಾ ಸಬೀನಾ ಅವರಿಗೆ ಪರವಾನಗಿ ಇರಲಿಲ್ಲ, ಆದರೆ ಊರಿತ್ತು. ಮೆಕ್ಸಿಕೊದ ಔಹಾಕಾ ಬೆಟ್ಟಗಳಲ್ಲಿರುವ ವಾಉತ್ಲಾದಲ್ಲಿ ಅವರು ರಾತ್ರಿಯಿಡೀ ಅಲ್ಲಿನ ಮಸಾತೆಕ್ ಭಾಷೆಯಲ್ಲಿ ಹಾಡುತ್ತ, ಅಣಬೆಯನ್ನು ತಾವೂ ತಿಂದು, ರೋಗಿಯ ಕಾಯಿಲೆಯ ಮೂಲ ಹುಡುಕುತ್ತಿದ್ದರು. ಎಡವಟ್ಟಾದರೆ ಮರುದಿನ ಅದೇ ಓಣಿಯ ಜನಕ್ಕೆ ಮುಖ ತೋರಿಸಬೇಕಿತ್ತು. 1955ರಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಅಧಿಕಾರಿ ಗಾರ್ಡನ್ ವ್ಯಾಸನ್ ಬಂದು ಕೂತರು, 1957ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬರೆದರು. ಪರದೇಶಿಗಳು ಮುಗಿಬಿದ್ದರು, ಊರು ಸಿಟ್ಟಾಯಿತು, ಆ ತಾಯಿಯ ಮನೆಗೆ ಬೆಂಕಿ ಬಿತ್ತು. ಬರೆದವರಿಗೆ ಕೀರ್ತಿ ಬಂತು, ದಂಡ ತೆತ್ತವರು ಮರಿಯಾ ಸಬೀನಾ.

ನಿಮ್ಮ ಮಾರ್ಗದರ್ಶಕಿಗೆ ಅಂಥ ಓಣಿ ಯಾವುದು? ಅಣಬೆಯ ಅಮಲು ಐದಾರು ಗಂಟೆ ಇರುತ್ತದೆ. ಅಷ್ಟೂ ಹೊತ್ತು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವರಿಗೆ ಬೇಕು, ಬೇಡ ಎನ್ನುವ ವಿವೇಚನೆ ಸ್ಥಿರವಾಗಿರುವುದಿಲ್ಲ. ಎಂಥ ಸ್ಪರ್ಶಕ್ಕೆ ಒಪ್ಪಿಗೆಯಿದೆ ಎಂಬುದನ್ನು ಆರೆಗಾನ್‌ನಲ್ಲಿ ಮೊದಲೇ ಬರಹದಲ್ಲಿ ಪಡೆಯುವುದು ಇದಕ್ಕೇ. ಹಿಂದಿನ ಮೂವತ್ತು ದಿನಗಳಲ್ಲಿ ಮನೋರೋಗಕ್ಕೆ ಕೊಡುವ ಲಿಥಿಯಂ ಮಾತ್ರೆ ನುಂಗಿದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಗುಟ್ಟಿನ ಮಾರ್ಗದರ್ಶಕರಲ್ಲೂ ಒಳ್ಳೆಯವರು ಇದನ್ನೆಲ್ಲ ಕೇಳುತ್ತಾರೆ. ಕೇಳದವರನ್ನು ಕೇಳುವವರು ಯಾರು? ದೂರು ಕೊಡಹೋದವರು ಮೊದಲು ತಮ್ಮದೇ ಅಪರಾಧ ಒಪ್ಪಿಕೊಳ್ಳಬೇಕು.

ಪರವಾನಗಿಯೇ ರಕ್ಷೆಯೆಂದು ನಾನು ಹೇಳುತ್ತಿಲ್ಲ. ಕೆನಡಾದಲ್ಲಿ 2015ರಲ್ಲಿ ಅನುಮತಿ ಪಡೆದು ನಡೆದ ಎಂಡಿಎಂಎ ಎಂಬ ಮಾದಕವಸ್ತುವಿನ ಚಿಕಿತ್ಸಾ ಪ್ರಯೋಗದಲ್ಲೇ ಚಿಕಿತ್ಸಕ ದಂಪತಿ ರೋಗಿಯ ಮೈಮುಟ್ಟುವುದರಲ್ಲಿ ಗೆರೆ ದಾಟಿದರು. ಆದರೆ ಅಲ್ಲಿ ಕ್ಯಾಮೆರಾ ಇತ್ತು, ವಿಡಿಯೊ ಮುಂದೆ ಸಾಕ್ಷಿಯಾಯಿತು. ಪರದೆ ಎಳೆದ ಮನೆಯ ಕೋಣೆಯಲ್ಲಿ ಅದೂ ಇಲ್ಲ. ನಮ್ಮಲ್ಲಂತೂ ಆಧ್ಯಾತ್ಮದ ಹೆಸರು ಕೇಳಿದೊಡನೆ ರಸೀದಿ ಕೇಳುವುದೂ ಅಪಚಾರವಾಗುತ್ತದೆ. ಶಿಬಿರ ನಡೆಸುವ ಗುರುಗಳಿಂದ ಹಿಡಿದು ಎಲ್ಲರೂ ಈ ಸಂಕೋಚದ ಮೇಲೇ ಬದುಕಿದ್ದಾರೆ.

ನೀವು ಎರಡು ಪುಟ ಕೃತಜ್ಞತೆ ಬರೆದಿದ್ದೀರಿ, ಅದು ನಿಜವೆಂದು ನಂಬುತ್ತೇನೆ. ಆದರೆ ಅಣಬೆ ಕೊಡುವ ಮೊದಲು ಅವರು ನಿಮ್ಮ ಔಷಧಗಳ ಬಗ್ಗೆ, ಮನೆತನದ ಮನೋರೋಗಗಳ ಬಗ್ಗೆ ಏನು ಕೇಳಿದರು, ಅಸಮಾಧಾನವಾದರೆ ಯಾರಿಗೆ ಹೇಳಬೇಕೆಂದು ತಿಳಿಸಿದರು ಎಂಬುದು ಪತ್ರದಲ್ಲಿಲ್ಲ. ಅದನ್ನು ಬರೆದು ಕಳಿಸಿ. ಒಂದಕ್ಷರ ಕತ್ತರಿಸದೆ ಪ್ರಕಟಿಸುತ್ತೇನೆ.

— ಸಂಪಾದಕ