ಸವಳು ಮಣ್ಣಿನ ಮೇಲಿನ ಹಳೆಯ ಸಂಶೋಧನೆ: ಗೂಗಲ್ ಸ್ಕಾಲರ್ ಸಾಕೇ?

ಗಂಗಾವತಿ ಭಾಗದ ಸವಳು ಹಿಡಿದ ಭತ್ತದ ಗದ್ದೆಗಳ ಮೇಲೆ ಎಂ.ಎಸ್ಸಿ. ಪ್ರಬಂಧ ಬರೆಯುತ್ತಿದ್ದೀರಿ. ಗೂಗಲ್ ಸ್ಕಾಲರ್‌ನಲ್ಲಿ ಬೇಕಾದಷ್ಟು ಸಿಗುತ್ತಿರುವಾಗ ಮಾರ್ಗದರ್ಶಕರು ‘ಕ್ಯಾಬ್ ಅಬ್‌ಸ್ಟ್ರ್ಯಾಕ್ಟ್ಸ್ ನೋಡು’ ಎಂದು ಏಕೆ ಪಟ್ಟು ಹಿಡಿದಿದ್ದಾರೆ ಎಂಬುದು ನಿಮ್ಮ ಪ್ರಶ್ನೆ. ಕ್ಯಾಬ್ ಎಂದರೆ ಕೃಷಿ ಸಂಶೋಧನಾ ಲೇಖನಗಳ ಸಾರಾಂಶಗಳನ್ನು ಜೋಡಿಸಿಟ್ಟ, ಚಂದಾ ಕೊಟ್ಟು ಬಳಸುವ ದತ್ತಾಂಶಕೋಶ. ನಾನು ರಾಯಚೂರಿನಲ್ಲಿ ಗ್ರಂಥಾಲಯದ ಕೆಲಸದಲ್ಲಿದ್ದೇನೆ. ನಿಮ್ಮ ಮಾರ್ಗದರ್ಶಕರ ಪಕ್ಷವೇ ನನ್ನದು.

ಸ್ಕಾಲರ್ ಲಕ್ಷಗಟ್ಟಲೆ ಫಲಿತಾಂಶ ಇದೆ ಎಂದರೂ ಒಂದು ಹುಡುಕಾಟಕ್ಕೆ ತೋರಿಸುವುದು ಮೊದಲ 1000 ಮಾತ್ರ. ನೀವು ಕೊಟ್ಟ ಪದ ಬರಹದಲ್ಲಿದೆಯೇ ಎಂದು ನೋಡುವುದು ಅದರ ಮುಖ್ಯ ರೀತಿ. ಕ್ಯಾಬ್‌ನಂಥ ವಿಷಯವಾರು ದತ್ತಾಂಶಕೋಶದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಲೇಖನಕ್ಕೂ ನಿಗದಿತ ಪದಕೋಶದಿಂದ ಆಯ್ದ ವಿಷಯಪದಗಳನ್ನು ಹಚ್ಚಿರುತ್ತಾರೆ. ಲೇಖಕರು ‘ಪ್ಯಾಡಿ’ ಎನ್ನಲಿ, ‘ಒರೈಜಾ ಸಟೈವಾ’ ಎಂಬ ವೈಜ್ಞಾನಿಕ ಹೆಸರನ್ನಷ್ಟೇ ಬರೆದು ಬಿಡಲಿ, ದಾಖಲೆಯಲ್ಲಿ ‘ರೈಸ್’ ಎಂಬ ವಿಷಯಪದ ಇರುತ್ತದೆ. ಚಂದಾ ಹಣ ಹೋಗುವುದು ಹೆಚ್ಚಾಗಿ ಈ ದುಡಿಮೆಗೇ.

ಆದ್ದರಿಂದ ಪ್ರಬಂಧದ ಶೀರ್ಷಿಕೆಯನ್ನು ಇಡಿಯಾಗಿ ಹುಡುಕುವ ಚೌಕಕ್ಕೆ ಸುರಿಯಬೇಡಿ. ನಿಮ್ಮ ವಿಷಯಕ್ಕೆ ಸೇರಿದ್ದೆಂದು ಖಾತ್ರಿಯಿರುವ ಒಂದು ಲೇಖನವನ್ನು ಮೊದಲು ತೆಗೆದು, ಅದಕ್ಕೆ ಯಾವ ವಿಷಯಪದಗಳನ್ನು ಹಚ್ಚಿದ್ದಾರೆ ನೋಡಿ. ನಂತರ ಕಾಗದದ ಮೇಲೆ ಮೂರು ಕಂಬಸಾಲು ಎಳೆಯಿರಿ: ಸಮಸ್ಯೆ, ಮಣ್ಣು, ಊರು. ಸಮಸ್ಯೆಯ ಸಾಲಿಗೆ ಸಲೈನ್, ಸೋಡಿಕ್, ಸಾಲ್ಟ್ ಅಫೆಕ್ಟೆಡ್, ವಾಟರ್‌ಲಾಗಿಂಗ್. ಸವಳಿನ ಜೊತೆ ಜವಳೂ ಇರುವ ನೆಲವಾದ್ದರಿಂದ ಕೊನೆಯದನ್ನು ಬಿಡಬೇಡಿ. ಮಣ್ಣಿನ ಸಾಲಿಗೆ ಬಂದರೆ, ನಮ್ಮ ಎರೆ ಭೂಮಿ ಒಬ್ಬರಿಗೆ ಬ್ಲ್ಯಾಕ್ ಸಾಯಿಲ್, ಇನ್ನೊಬ್ಬರಿಗೆ ಬ್ಲ್ಯಾಕ್ ಕಾಟನ್ ಸಾಯಿಲ್, ಮಣ್ಣಿನ ವರ್ಗೀಕರಣದವರಿಗೆ ವರ್ಟಿಸಾಲ್. ಈ ಕೊನೆಯ ಹೆಸರನ್ನು ಮರೆತು ಒಳ್ಳೆಯ ಲೇಖನಗಳನ್ನು ಕಳೆದುಕೊಂಡವರು ಬಹಳ. ಒಂದೇ ಸಾಲಿನ ಪದಗಳ ನಡುವೆ ‘ಆರ್’ (ಯಾವುದಾದರೂ ಒಂದಿದ್ದರೆ ಸಾಕು) ಹಾಕಿ ಆವರಣದೊಳಗಿಡಿ. ಸಾಲು ಸಾಲುಗಳ ನಡುವೆ ‘ಆ್ಯಂಡ್’ (ಎಲ್ಲವೂ ಇರಬೇಕು) ಹಾಕಿ.

ಊರಿನ ಸಾಲು ಹೆಚ್ಚು ಕಾಡುತ್ತದೆ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಲೇಖನಗಳೆಲ್ಲ ‘ಬೆಲ್ಲರಿ’ಯಲ್ಲಿ ಕೂತಿವೆ. ಗಂಗಾವತಿಯ ಕೊನೆಯಲ್ಲಿ, ತುಂಗಭದ್ರೆಯ ಮೊದಲಲ್ಲಿ ಒಬ್ಬರು ‘ಎಚ್’ ಸೇರಿಸುತ್ತಾರೆ, ಒಬ್ಬರು ಬಿಡುತ್ತಾರೆ. ಎಲ್ಲ ರೂಪಗಳನ್ನೂ ‘ಆರ್’ನಿಂದ ಜೋಡಿಸಿ, ಜೊತೆಗೆ ಭೌಗೋಳಿಕ ವಿಷಯಪದವಾಗಿ ‘ಕರ್ನಾಟಕ’ ಕೊಟ್ಟು ನೋಡಿ. ಬಳಿಕ ಊರಿನ ಸಾಲನ್ನೇ ಕಿತ್ತುಹಾಕಿ ಮತ್ತೊಮ್ಮೆ ಹುಡುಕಿ. ಇಲ್ಲದಿದ್ದರೆ ಹರಿಯಾಣದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣಾಂಶ ಸಂಶೋಧನಾ ಸಂಸ್ಥೆಯವರು ಜಿಪ್ಸಂ ಬಗ್ಗೆ ಮಾಡಿದ ಕೆಲಸ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಕ್ಯಾಬ್‌ನ ಮುಖ್ಯ ಕೋಶ 1973ರಿಂದ ಈಚಿನದು. 1910ರಿಂದ ಅಲ್ಲಿಯವರೆಗಿನ ಹಳೆಯದು ಅದರ ಆರ್ಕೈವ್‌ನಲ್ಲಿದೆ. ನಿಮ್ಮ ಕಾಲೇಜಿಗೆ ಚಂದಾ ಇಲ್ಲದಿದ್ದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಅಗ್ರಿಸ್ ಉಚಿತ. ಅದಕ್ಕೂ ಅಗ್ರೋವೋಕ್ ಎಂಬ ಪದಕೋಶವಿದೆ. ಕೋಶದಲ್ಲಿ ಸಾರಾಂಶವಷ್ಟೇ ಸಿಕ್ಕಿತೆಂದು ಕೈಚೆಲ್ಲಬೇಡಿ. ಪೂರ್ಣ ಲೇಖನಕ್ಕೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ‘ಸೆರಾ’ ಒಕ್ಕೂಟವಿದೆ. ಗ್ರಂಥಪಾಲಕರ ಮೂಲಕ ಕೋರಿಕೆ ಸಲ್ಲಿಸಿ.

ಸ್ಕಾಲರ್‌ಗೂ ಕೆಲಸ ಇದೆ. ಒಳ್ಳೆಯ ಲೇಖನವೊಂದು ಕೈಗೆ ಬಂದ ಮೇಲೆ ಅದನ್ನು ಮುಂದೆ ಯಾರು ಉಲ್ಲೇಖಿಸಿದ್ದಾರೆ ಎಂದು ಬೆನ್ನು ಹತ್ತುವುದಕ್ಕೆ ಅದು ಬಲು ಚುರುಕು.

ಹುಡುಕಿದ ದಿನಾಂಕ, ಕೋಶದ ಹೆಸರು, ಬಳಸಿದ ಪದಸಾಲು, ಬಂದ ಸಂಖ್ಯೆ ಇಷ್ಟನ್ನು ಬರೆದಿಡಿ. ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ತಡವರಿಸಬೇಕಾಗಿಲ್ಲ. ದಾಖಲೆಗಳನ್ನು ಉಲ್ಲೇಖಗಳನ್ನು ಜೋಡಿಸಿಡುವ ‘ಝೊಟೆರೊ’ ತಂತ್ರಾಂಶಕ್ಕೆ ಇಳಿಸಿಕೊಳ್ಳಿ.

ಹಳೆಯ ಪ್ರಬಂಧಗಳಿಗೆ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳ ಜಾಲತಾಣ ಭಂಡಾರವಾದ ‘ಕೃಷಿಕೋಶ’ವನ್ನು ತೆರೆಯಿರಿ. ಅಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಮಾತ್ರ ಹುಡುಕಿ ನಿಲ್ಲಿಸಬೇಡಿ. ಅದು ಧಾರವಾಡದಿಂದ ಬೇರೆಯಾದದ್ದು, ಧಾರವಾಡ 1986ರಲ್ಲಿ ಬೆಂಗಳೂರಿನಿಂದ ಬೇರೆಯಾದದ್ದು. ತುಂಗಭದ್ರಾ ಅಚ್ಚುಕಟ್ಟಿನ ಹಳೆಯ ಪ್ರಬಂಧಗಳು ಆ ಎರಡು ಹೆಸರುಗಳ ಕೆಳಗೂ ಇರುತ್ತವೆ.