ಗಾಡಿ ಮಾತು: ಹೆಸರು ಒಂದೇ, ಎಂಜಿನ್ ಬೇರೆ

ಪ್ರಶ್ನೆ: 2008ರ ಪೆಟ್ರೋಲ್ ಸ್ವಿಫ್ಟ್ ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. 92,000 ಕಿ.ಮೀ. ಓಡಿದೆ. ಟೈಮಿಂಗ್ ಬೆಲ್ಟ್ ಬದಲಿಸಲೇಬೇಕು ಎಂದು ಒಬ್ಬ ಮೆಕ್ಯಾನಿಕ್ ಹೇಳಿದರೆ, ಸ್ವಿಫ್ಟ್‌ಗೆ ಬೆಲ್ಟೇ ಇಲ್ಲ, ಚೈನು ಇರೋದು ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ನಂಬಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಗಾಡಿಯ ಮಟ್ಟಿಗೆ ಮೊದಲನೆಯವರ ಮಾತೇ ಸರಿ. ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಒಂದೇ ತಾಳಕ್ಕೆ ಹೊಂದಿಸುವುದು ಈ ಟೈಮಿಂಗ್ ಬೆಲ್ಟ್ ಅಥವಾ ಚೈನು. ಅನುಮಾನವಿದ್ದರೆ ಆರ್‌ಸಿಯಲ್ಲಿ ಎಂಜಿನ್ ಎಷ್ಟು ಸಿಸಿ ಎಂದು ನೋಡಿ. 2005ರಲ್ಲಿ ಬಂದ ಸ್ವಿಫ್ಟ್ ಪೆಟ್ರೋಲಿನದು 1298 ಸಿಸಿ, ಅದಕ್ಕೆ ಬೆಲ್ಟ್. 2010ರಿಂದ ಬಂದ 1197 ಸಿಸಿ ಕೆ-ಸೀರೀಸ್‌ಗೆ ಚೈನ್. 2007ರಿಂದ 2020ರವರೆಗೆ ಮಾರಿದ 1248 ಸಿಸಿ ಡೀಸೆಲ್‌ಗೂ ಚೈನೇ. ಹೊಸ ಗಾಡಿಗಳನ್ನೇ ಬಿಚ್ಚಿ ಅಭ್ಯಾಸವಾದವರು ಹಳೆಯ 1298ನ್ನು ಮರೆತಿರುತ್ತಾರೆ.

ಬೆಲ್ಟಿಗೆ 1,00,000 ಕಿ.ಮೀ. ಗಡುವು ಇದ್ದರೂ ಅದು ರಬ್ಬರು, ಓಡದಿದ್ದರೂ ವಯಸ್ಸಾಗುತ್ತದೆ. ಹಿಂದಿನ ಮಾಲೀಕರು ಬದಲಿಸಿದ ಬಿಲ್ಲು ಕೈಯಲ್ಲಿ ಇಲ್ಲವೆಂದರೆ ಬದಲಿಸಿಲ್ಲ ಎಂದೇ ತಿಳಿದು ಈಗಲೇ ಮಾಡಿಸಿ. ಬರೀ ಬೆಲ್ಟ್ ಹಾಕಿಸಿ ಸುಮ್ಮನಾಗಬೇಡಿ. ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್, ಕ್ಯಾಮ್ (ವಾಲ್ವು ತೆರೆಯುವ ದಂಡ) ಮತ್ತು ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಆಯಿಲ್ ಸೀಲುಗಳೂ ಹೊಸದಾಗಲಿ. ಸೀಲಿನಿಂದ ಜಿನುಗುವ ಆಯಿಲು ಹೊಸ ಬೆಲ್ಟನ್ನೂ ಬೇಗ ತಿಂದುಹಾಕುತ್ತದೆ. ಜೋಡಿಸಿದ ಮೇಲೆ ಎಂಜಿನ್ನನ್ನು ಸ್ಪ್ಯಾನರ್‌ನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಟೈಮಿಂಗ್ ಮಾರ್ಕುಗಳು ಮತ್ತೆ ಕೂಡಿಬಂದಿವೆಯೇ ಎಂದು ನೋಡಿದ ನಂತರವೇ ಕಿ ತಿರುಗಿಸಬೇಕು.

ಪ್ರಶ್ನೆ: 2013ರ ಸ್ವಿಫ್ಟ್ ಡೀಸೆಲ್, 1,30,000 ಕಿ.ಮೀ. ಆಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಾಲ್ಕೈದು ಸೆಕೆಂಡು ಖರಖರ ಶಬ್ದ ಬಂದು ನಿಲ್ಲುತ್ತದೆ. ಆಯಿಲ್ 15,000 ಕಿ.ಮೀ.ಗೊಮ್ಮೆ ಬದಲಿಸುತ್ತಿದ್ದೇನೆ. ಹೀಗೇ ಓಡಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಓಡಿಸಬೇಡಿ. ಅದು ಸಡಿಲಗೊಂಡ ಟೈಮಿಂಗ್ ಚೈನಿನ ಶಬ್ದ ಇರುವ ಸಂಭವ ಹೆಚ್ಚು. ಫಿಯೆಟ್‌ನಿಂದ ಬಂದ ಈ 1.3 ಮಲ್ಟಿಜೆಟ್ ಎಂಜಿನ್ನೇ ರಿಟ್ಜ್, ಡಿಸೈರ್, ಪುಂಟೊಗಳಲ್ಲೂ ಇದೆ, ಟಾಟಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ ಇದೆ. ಆ ಗಾಡಿಗಳವರೂ ಇದನ್ನು ಓದಿಕೊಳ್ಳಲಿ.

‘ಚೈನು ಜೀವಮಾನಪೂರ್ತಿ ಬಾಳುತ್ತದೆ’ ಎಂಬ ಮಾತು ಆಯಿಲು ಚೆನ್ನಾಗಿದ್ದರೆ ಮಾತ್ರ ನಿಜ. ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಕೆಲಸ ಮಾಡುವುದೇ ಆಯಿಲ್ ಒತ್ತಡದಿಂದ. ಡೀಸೆಲ್ ಎಂಜಿನ್ನಿನ ಆಯಿಲಿನಲ್ಲಿ ಮಸಿ ಬೇಗ ಸೇರುತ್ತದೆ. ಬದಲಿಸುವುದು ತಡವಾದಂತೆ ಆಯಿಲು ಗಟ್ಟಿಯಾಗಿ, ಟೆನ್ಷನರಿಗೆ ನಿಧಾನವಾಗಿ ತಲುಪುತ್ತದೆ. ಅಷ್ಟರೊಳಗೆ ಚೈನು, ಅದನ್ನು ದಾರಿಯಲ್ಲಿ ಹಿಡಿದಿಡುವ ಗೈಡಿಗೆ ಬಡಿಯುತ್ತದೆ. ಅದೇ ನಿಮ್ಮ ಖರಖರ. ಒಂದು ದಿನ ಚೈನು ಹಲ್ಲು ತಪ್ಪಿ ಕೂತರೆ ವಾಲ್ವುಗಳು ಪಿಸ್ಟನ್ನಿಗೆ ತಗಲಿ, ವಾಲ್ವು ಒತ್ತುವ ರಾಕರ್‌ಗಳು ಮುರಿಯುತ್ತವೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕಾಗುತ್ತದೆ.

ಮೊದಲು ಆಯಿಲು, ಫಿಲ್ಟರ್ ಬದಲಿಸಿ ನೋಡಿ. ಎಂಜಿನ್ ಬಿಸಿಯಿರುವಾಗ ಡ್ರೈನ್ ಬೋಲ್ಟ್ ತೆಗೆದು ಇಪ್ಪತ್ತು ನಿಮಿಷ ಇಳಿಯಲು ಬಿಡಿ. ಬೋಲ್ಟಿನ ವಾಷರ್ ಹೊಸದಿರಲಿ. ಇದರ ಫಿಲ್ಟರು ಡಬ್ಬಿಯಲ್ಲ, ಮುಚ್ಚಳದೊಳಗೆ ಕೂರುವ ಕಾಗದದ ಎಲಿಮೆಂಟು. ಮುಚ್ಚಳದ ರಬ್ಬರ್ ರಿಂಗನ್ನೂ ಬದಲಿಸಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಸೋರುತ್ತದೆ. ಹಿಡಿಯುವುದು ಸುಮಾರು 3 ಲೀಟರ್. ಸ್ವಲ್ಪ ಕಡಿಮೆಯೇ ಹಾಕಿ, ಒಂದು ನಿಮಿಷ ಎಂಜಿನ್ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿಕೊಂಡು ತುಂಬಿಸಿ. ಗ್ರೇಡು ಮಾಲೀಕರ ಕೈಪಿಡಿಯಲ್ಲಿರುವುದೇ ಆಗಲಿ. ‘ಹಳೇ ಗಾಡಿ, ದಪ್ಪ ಆಯಿಲ್ ಇರಲಿ’ ಎಂದು 20ಡಬ್ಲ್ಯು-40 ಸುರಿಯುವವರಿದ್ದಾರೆ. ಬೆಳಗಿನ ಚಳಿಯಲ್ಲಿ ಅದು ಟೆನ್ಷನರಿಗೆ ಇನ್ನೂ ತಡವಾಗಿ ತಲುಪುತ್ತದೆ. ಫ್ಲಶಿಂಗ್ ಆಯಿಲೂ ಬೇಡ. ಒಳಗೆ ಅಂಟಿರುವ ಜಿಡ್ಡು ಒಮ್ಮೆಲೇ ಕಳಚಿ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಜಾಲರಿಗೆ ಸಿಕ್ಕಿಕೊಂಡರೆ ಆಯಿಲೇ ಮೇಲೇರುವುದಿಲ್ಲ.

ಹೊಸ ಆಯಿಲು ಹಾಕಿದ ಮೇಲೂ ಬೆಳಗಿನ ಶಬ್ದ ಉಳಿದರೆ ಚೈನು, ಟೆನ್ಷನರ್, ಗೈಡುಗಳನ್ನು ಒಟ್ಟಿಗೇ ಬದಲಿಸಿ. ಕ್ಯಾಮ್ ಮತ್ತು ಕ್ರ್ಯಾಂಕ್ ಲಾಕ್ ಮಾಡುವ ಟೂಲ್ ಇರುವ ಗ್ಯಾರೇಜಿಗೇ ಕೊಡಿ. ಕಣ್ಣಳತೆಯಲ್ಲಿ ಮಾರ್ಕು ಹಾಕಿ ಜೋಡಿಸುವ ಕೆಲಸ ಇದಲ್ಲ. ಸಂಪು ಇಳಿಸಿದಾಗ ಜಾಲರಿಯನ್ನು ತೊಳೆಸಿ. ಇನ್ನು ಮುಂದೆ ಆಯಿಲ್ ಬದಲಿಸಲು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಊರೊಳಗಿನ ಓಡಾಟ, ದೂಳು ಹೆಚ್ಚಿದ್ದರೆ 7,500ಕ್ಕೇ ಬದಲಿಸಿ.

ಪ್ರಶ್ನೆ: ಡೀಸೆಲ್ ಫಿಲ್ಟರ್ ನಾನೇ ಬದಲಿಸಿದೆ. ಆಮೇಲೆ ಗಾಡಿ ಸ್ಟಾರ್ಟೇ ಆಗುತ್ತಿಲ್ಲ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ಲೈನಿನಲ್ಲಿ ಗಾಳಿ ಸೇರಿದೆ. ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಲೂಬ್ರಿಕೇಷನ್, ಒಣಗಿ ತಿರುಗಿದರೆ ಸವೆಯುತ್ತದೆ. ಕೈಪಂಪು ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಇಲ್ಲದ ಗಾಡಿಯಲ್ಲಿ ಕಿ ಆನ್ ಮಾಡಿ ಹತ್ತು ಸೆಕೆಂಡು ಬಿಟ್ಟು ಆಫ್ ಮಾಡುವುದನ್ನು ಐದಾರು ಸಲ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಮಳೆಗಾಲದಲ್ಲಿ ಒಂದೆರಡು ಸಲವಾದರೂ ಇಳಿಸುತ್ತಿರಿ. ಇಂಜೆಕ್ಟರ್ ತುದಿ ಹಾಳುಮಾಡಲು ಸ್ವಲ್ಪ ನೀರು ಸಾಕು.

ಪ್ರಶ್ನೆ: ಬಿಎಸ್-6 ಡೀಸೆಲ್ ಹ್ಯಾಚ್‌ಬ್ಯಾಕ್ ಇದೆ. ದಿನಾ ಆಫೀಸಿಗೆ 6 ಕಿ.ಮೀ. ಟ್ರಾಫಿಕ್. ಪದೇಪದೇ ಡಿಪಿಎಫ್ ದೀಪ ಬರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟವೂ ಏರಿದೆ!
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡೂ ಒಂದೇ ಕಾರಣದಿಂದ. ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರೇ ಡಿಪಿಎಫ್; ತುಂಬಿದಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಅದನ್ನು ಸುಟ್ಟುಕೊಳ್ಳುತ್ತದೆ. ಆ ಬಿಸಿಗಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅಷ್ಟರಲ್ಲಿ ಆಫೀಸು ಬಂದು ನೀವು ಆಫ್ ಮಾಡುತ್ತೀರಿ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಮಟ್ಟ ಗರಿಷ್ಠ ಗೆರೆ ದಾಟಿದ್ದರೆ ಈಗಲೇ ಆಯಿಲ್ ಬದಲಿಸಿ, ತೆಳುವಾದ ಆಯಿಲಿನಲ್ಲಿ ಟರ್ಬೊ, ಬೇರಿಂಗು ಉಳಿಯುವುದಿಲ್ಲ. ಡಿಪಿಎಫ್‌ಗೆಂದೇ ಇರುವ ಕಡಿಮೆ ಬೂದಿಯ ಆಯಿಲನ್ನೇ ಕೇಳಿ ಹಾಕಿಸಿ. ಮಸಿ ಸುಟ್ಟುಹೋಗುತ್ತದೆ, ಬೂದಿ ಫಿಲ್ಟರಿನಲ್ಲೇ ಉಳಿಯುತ್ತದೆ. ಆಮೇಲೆ ವಾರಕ್ಕೊಮ್ಮೆ ತುಮಕೂರು ರಸ್ತೆಯಂಥ ಕಡೆ 20–30 ನಿಮಿಷ, 2,000 ಆರ್‌ಪಿಎಂಗಿಂತ ಮೇಲೆ, ಒಂದೇ ವೇಗದಲ್ಲಿ ಓಡಿಸಿ. ದೀಪದ ಜೊತೆ ಪಿಕಪ್ಪೂ ಇಳಿದಿದ್ದರೆ ಓಡಿಸಿ ಸರಿಮಾಡುವ ಹಂತ ಮುಗಿದಿದೆ, ಸ್ಕ್ಯಾನರ್ ಹಾಕಿಸಬೇಕು. ನೇರವಾಗಿ ಹೇಳುವುದಾದರೆ, ದಿನಕ್ಕೆ ಆರು ಕಿಲೋಮೀಟರಿಗೆ ಪೆಟ್ರೋಲ್ ಗಾಡಿಯೇ ಸರಿ.

ಪ್ರಶ್ನೆ: 2012ರ ಪೆಟ್ರೋಲ್ ಕಾರು, ವರ್ಷಕ್ಕೆ 3,000 ಕಿ.ಮೀ. ಮಾತ್ರ ಓಡುತ್ತದೆ. ಸರ್ವಿಸ್ ಮುಂದೂಡಬಹುದೇ? ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಏನಾದರೂ ಮಾಡಿಸಬೇಕೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಮುಂದೂಡಬೇಡಿ. ಆಯಿಲ್ ವರ್ಷಕ್ಕೊಮ್ಮೆ, ನೀರನ್ನು ಹೀರಿಕೊಳ್ಳುವ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಟೈರಿನ ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2317 ಎಂದಿದ್ದರೆ 2017ರ 23ನೇ ವಾರದ್ದು. ಟೈರಿನ ಗೆರೆಗಳು ಎಷ್ಟೇ ಆಳವಿದ್ದರೂ ಅಷ್ಟು ಹಳೆಯ ಟೈರನ್ನು ಹೆದ್ದಾರಿಗೆ ಒಯ್ಯಬೇಡಿ. ಸಮುದ್ರದ ಗಾಳಿಗೆ ಬ್ರೇಕ್ ಡ್ರಮ್ ತುಕ್ಕು ಹಿಡಿದು ಹ್ಯಾಂಡ್‌ಬ್ರೇಕ್ ಅಂಟಿಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ, ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಬಾಗಿಲುಗಳ ತಳದಲ್ಲಿರುವ ನೀರಿಳಿಯುವ ತೂತುಗಳನ್ನು ಮಳೆಗಾಲಕ್ಕೆ ಮೊದಲೇ ಬಿಡಿಸಿ.

ಇ20 ವಿಷಯಕ್ಕೆ ಬಂದರೆ, ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಮೈಲೇಜು ಸ್ವಲ್ಪ ಇಳಿಯುವುದು ಸಹಜ. ನಿಮ್ಮ ಕಾರಿನ ಕಾಲದ ರಬ್ಬರ್ ಪೈಪು, ಸೀಲುಗಳನ್ನು ಅದಕ್ಕೆಂದು ಮಾಡಿರಲಿಲ್ಲ. ಪ್ರತಿ ಸರ್ವಿಸ್‌ನಲ್ಲಿ ಪೆಟ್ರೋಲ್ ಪೈಪುಗಳನ್ನು ಬಾಗಿಸಿ ನೋಡಲು ಹೇಳಿ. ಬಿರುಕು, ಉಬ್ಬು, ಪೆಟ್ರೋಲ್ ವಾಸನೆ ಕಂಡರೆ ಅಂದೇ ಬದಲಿಸಿ. ಎಥನಾಲ್ ತೇವ ಹೀರುವುದರಿಂದ ಒಂದೇ ಟ್ಯಾಂಕ್ ಪೆಟ್ರೋಲನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳದೆ, ಓಡಿಸಿ ಖಾಲಿಮಾಡಿ ಹೊಸದು ಹಾಕಿಸಿ.