ಪ್ಯಾರಿಸ್ ಫಾರ್ಮಸಿಯಿಂದ ಮನೆಯವರಿಗೆಲ್ಲ ಆಗುವಂಥ ಯಾವ ಕ್ರೀಮ್ ತರಬಹುದು?

ಮುಂದಿನ ತಿಂಗಳು ಪ್ಯಾರಿಸ್ ಪ್ರವಾಸ, ಅಲ್ಲಿನ ಫಾರ್ಮಸಿ ಕ್ರೀಮುಗಳು ಬಹಳ ಚೆನ್ನಾಗಿವೆಯಂತೆ, ಒಂದೇ ಟ್ಯೂಬ್ ಹತ್ತು ಕೆಲಸಕ್ಕೆ ಬರಬೇಕು, ಮನೆಯವರಿಗೆಲ್ಲ ಹಂಚುವಂತಿರಬೇಕು ಎಂದು ಕೇಳಿದ್ದೀರಿ. ಹಂಚುವ ಮಾತು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಒಂಬತ್ತು ವರ್ಷದ ಹಿಂದೆ ನಾನೂ ಹಂಚಿದ್ದೆ.

ನಾವಾಗ ತುಲೂಸ್‌ನಲ್ಲಿದ್ದೆವು. ದಕ್ಷಿಣ ಫ್ರಾನ್ಸಿನ ಊರು. ಏರ್‌ಬಸ್ ವಿಮಾನ ತಯಾರಾಗುವುದು ಅಲ್ಲೇ. ನನ್ನವರಿಗೆ ಬೆಂಗಳೂರು ಆಫೀಸಿನಿಂದ ಎರಡು ವರ್ಷದ ಮಟ್ಟಿಗೆ ಅಲ್ಲಿಗೆ ಹಾಕಿದ್ದರು. ನಾನು ಉಡುಪಿ ಕಡೆಯವಳು, ಸೆಕೆಯಲ್ಲಿ ಬೆವರಿ ಬೆಳೆದವಳು. ಮೊದಲ ಚಳಿಗಾಲಕ್ಕೇ ಕೈ ಒಡೆಯಿತು. ಹೊರಗೆ ಒಣ ಚಳಿ, ಒಳಗೆ ದಿನಪೂರ್ತಿ ಹೀಟರ್. ಪಾತ್ರೆ ತೊಳೆಯುವಾಗ ಬೆರಳ ಗಂಟುಗಳಲ್ಲಿ ರಕ್ತ ಜಿನುಗುತ್ತಿತ್ತು. ಊರಿಂದ ತಂದ ತೆಂಗಿನೆಣ್ಣೆ ಬಾಟಲಿಯಲ್ಲೇ ಕಲ್ಲಾಗಿ ಕೂತಿತ್ತು.

ನಮ್ಮ ಬೀದಿಯ ಕೊನೆಗೆ ಒಂದು ಫಾರ್ಮಸಿ. ಹಸಿರು ಶಿಲುಬೆಯ ದೀಪ ಇದ್ದರೆ ಅದು ಫಾರ್ಮಸಿ, ಫ್ರಾನ್ಸಿನಲ್ಲಿ ಯಾವ ಊರಿಗೆ ಹೋದರೂ ಅದೇ ಗುರುತು. ಒಳಗೆ ಹೋಗಿ ಸುಮ್ನೆ ಕೈ ಚಾಚಿದೆ. ಅಲ್ಲಿದ್ದ ನಡುವಯಸ್ಸಿನ ಫಾರ್ಮಸಿಸ್ಟ್ ನನ್ನ ಕೈಯನ್ನು ತಿರುಗಿಸಿ ನೋಡಿ, ಚರ್ಮಕ್ಕೆ ಪಸೆ ಕೊಡುವ ಪ್ಯಾಂಥೆನಾಲ್ ಎಂಬ ವಸ್ತು 5% ಇರುವ ಒಂದು ದಪ್ಪ ಬಿಳಿ ಬಾಮ್ ಕೊಟ್ಟರು. ಲಾ ರೋಶ್ ಪೊಜೆ ಕಂಪನಿಯ ಸಿಕಾಪ್ಲಾಸ್ಟ್. ನಾಲ್ಕೇ ದಿನಕ್ಕೆ ಕೈ ಕೂಡಿತು. ಆಮೇಲೆ ಅದನ್ನೇ ತುಟಿಗೆ ಹಚ್ಚಿದೆ, ಹಿಮ್ಮಡಿಗೆ ಹಚ್ಚಿದೆ, ನೆಗಡಿ ಬಂದಾಗ ಒರೆಸಿ ಒರೆಸಿ ಕೆಂಪಾದ ಮೂಗಿನ ಅಂಚಿಗೂ ಹಚ್ಚಿದೆ. ಎಲ್ಲ ಕಡೆಯೂ ಕೆಲಸ ಮಾಡಿತು.

ಅಲ್ಲಿಂದ ಶುರುವಾಯಿತು ನೋಡಿ. ಫಾರ್ಮಸಿಯಲ್ಲಿ ಸಿಗುವುದೆಲ್ಲ ಹೀಗೇ, ಎಲ್ಲಿಗೆ ಬೇಕಾದರೂ ಯಾರಿಗೆ ಬೇಕಾದರೂ ಹಚ್ಚಬಹುದು ಎಂದು ತಲೆಯಲ್ಲಿ ಕೂತುಬಿಟ್ಟಿತು. ಮೇ ತಿಂಗಳಲ್ಲಿ ತಂಗಿಯ ಮದುವೆ. ಊರಿಗೆ ಹೋಗುವಾಗ ಎಲ್ಲರಿಗೂ ತೆಗೆದುಕೊಂಡು ಹೋಗೋಣ ಎಂದು ಇಂಟರ್ನೆಟ್ಟಿನಲ್ಲಿ ಕಂಡ ಪಟ್ಟಿಗಳನ್ನೆಲ್ಲ ಫೋನಿನಲ್ಲಿ ಉಳಿಸಿಕೊಂಡೆ. ಅದರಲ್ಲಿ ಒಂದು ವಿಟಮಿನ್ ಎ ಮುಲಾಮು. ಹೆಸರು ಬೇಡ, ತಪ್ಪು ಮುಲಾಮಿನದಲ್ಲ. ಸುಕ್ಕಿಗೆ, ಕಲೆಗೆ, ಮೊಡವೆಗೆ, ಎಲ್ಲಕ್ಕೂ ಒಂದೇ ಎಂದು ಬರೆದಿತ್ತು. ಬೆಲೆಯೂ ಕಡಿಮೆ. ಒಂದು ಶನಿವಾರ, ಸಿಟಿಯ ಗಿಜಿಗುಡುವ ಅಂಗಡಿಯೊಂದರಲ್ಲಿ ಫೋನಿನಲ್ಲಿದ್ದ ಫೋಟೋ ತೋರಿಸಿ ಆರು ಟ್ಯೂಬ್ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ಒಳಗಿನಿಂದ ತಂದು ಕೊಡುತ್ತಾ ಫ್ರೆಂಚಿನಲ್ಲಿ ಏನೇನೋ ಹೇಳಿದ. ನನಗೆ ಅರ್ಥವಾಗಿದ್ದು 'ಸ್ವಾರ್' ಒಂದೇ, ಅಂದರೆ ಸಂಜೆ, ರಾತ್ರಿಯ ಹೊತ್ತು. ಹಿಂದೆ ಸಾಲು ನಿಂತಿತ್ತು. 'ವೀ, ವೀ' ಎಂದು ತಲೆ ಆಡಿಸಿ ಬಂದೆ.

ನಿಜವಾದ ತಪ್ಪು ಮಾಡಿದ್ದು ಮನೆಗೆ ಬಂದ ಮೇಲೆ. ಸೂಟ್‌ಕೇಸಿನಲ್ಲಿ ಜಾಗವಿರಲಿಲ್ಲ. ಹೊರಡುವ ಹಿಂದಿನ ರಾತ್ರಿ ನೆಲದ ಮೇಲೆ ಕೂತು ಒಂದೊಂದೇ ಟ್ಯೂಬನ್ನು ರಟ್ಟಿನ ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಪೆಟ್ಟಿಗೆಗಳನ್ನೆಲ್ಲ ಚಪ್ಪಟೆ ಮಾಡಿ ಕಸಕ್ಕೆ ಹಾಕಿದೆ. ಪ್ರತಿ ಔಷಧದ ಪೆಟ್ಟಿಗೆಯಲ್ಲೂ ನಾಲ್ಕೈದು ಮಡಿಕೆಯ ತೆಳ್ಳನೆ ಕಾಗದದ ಚೀಟಿ ಇರುತ್ತದಲ್ವಾ, ಯಾರು ಹಚ್ಚಬಾರದು, ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂದು ಬರೆದಿರುವುದು ಅದರಲ್ಲೇ. ಆರು ಚೀಟಿಯೂ ಕಸಕ್ಕೆ ಹೋದವು. ಒಂದನ್ನಾದರೂ ಇಟ್ಟುಕೊಂಡಿದ್ದರೆ ಊರಲ್ಲಿ ಯಾರಾದರೂ ಓದಿಸಿಕೊಳ್ಳುತ್ತಿದ್ದರು. ಇಡಲಿಲ್ಲ. ಅದರ ಬದಲು ಮಾರ್ಕರ್ ತೆಗೆದುಕೊಂಡು ಟ್ಯೂಬುಗಳ ಮೇಲೆ ನಾನೇ ಕನ್ನಡದಲ್ಲಿ ಬರೆದೆ. 'ತುಟಿ.' 'ಹಿಮ್ಮಡಿ.' ವಿಟಮಿನ್ ಎ ಟ್ಯೂಬಿನ ಮೇಲೆ 'ಕಲೆಗೆ'. ಓದುವವರಿಗೆ ಸುಲಭವಾಗಲಿ ಎಂದು ಬರೆದಿದ್ದು. ಯೋಚಿಸಿ, ಕಂಪನಿ ಎರಡು ಪುಟ ಎಚ್ಚರಿಕೆ ಬರೆದಿದ್ದ ಜಾಗದಲ್ಲಿ ನಾನು ಒಂದೇ ಒಂದು ಪದ ಬರೆದೆ.

ಊರಿಗೆ ಹೋದ ದಿನದಿಂದ ಬೆಳಿಗ್ಗೆ ಸಂಜೆ ನಾನೂ ಅದನ್ನು ಕೋಲ್ಡ್ ಕ್ರೀಮಿನಂತೆ ಬಳಿದುಕೊಂಡೆ. ಹಳದಿ ಬಣ್ಣ, ಅಂಟು ಅಂಟು, ಮೀನೆಣ್ಣೆಯಂಥ ವಾಸನೆ. ಐದನೇ ದಿನಕ್ಕೆ ಮುಖ ತೊಳೆದರೆ ಉರಿ. ಏಳನೇ ದಿನಕ್ಕೆ ಮೂಗಿನ ಪಕ್ಕ, ಬಾಯಿಯ ಸುತ್ತ ಸಿಪ್ಪೆ ಏಳತೊಡಗಿತು. ಮೇ ತಿಂಗಳ ಉಡುಪಿ ಬಿಸಿಲು, ಚಪ್ಪರದ ಓಡಾಟ ಬೇರೆ. ಮದುವೆಯ ದಿನ ನನ್ನ ಎರಡೂ ಕೆನ್ನೆ ಇಸ್ತ್ರಿ ತಾಗಿದ ಹಾಗೆ ಕೆಂಪಾಗಿದ್ದವು. ಕೆಂಪು ಹೋದ ಮೇಲೆ ಕಪ್ಪು ಕಲೆ ಉಳಿಯಿತು. ನಮ್ಮಂಥ ಕಂದು ಬಣ್ಣದ ಚರ್ಮ ಹೀಗೆಯೇ, ಎಲ್ಲಿ ಉರಿದು ಗಾಯವಾದರೂ ಆಮೇಲೆ ಕಪ್ಪಗೆ ಗುರುತು ಬಿಡುತ್ತದೆ. ನನಗದು ಪೂರ್ತಿ ಹೋಗಲು ಏಳು ತಿಂಗಳು ಬೇಕಾಯಿತು.

ತುಲೂಸ್‌ಗೆ ವಾಪಸು ಬಂದು ನಮ್ಮ ಬೀದಿಯ ಫಾರ್ಮಸಿಗೆ ಟ್ಯೂಬ್ ಹಿಡಿದುಕೊಂಡು ಹೋದೆ. ಅದೇ ಫಾರ್ಮಸಿಸ್ಟ್. ಮುಖ ನೋಡಿದರು, ಟ್ಯೂಬ್ ನೋಡಿದರು. ಅವರು ಕೇಳಿದ ಮೊದಲ ಪ್ರಶ್ನೆ ಉರಿಯ ಬಗ್ಗೆ ಅಲ್ಲ. 'ಆಂಸ್ಯಾಂತ್?' ಎಂದರು. ನನಗೆ ಗೊತ್ತಾಗಲಿಲ್ಲ. ಆಗ ತಮ್ಮ ಹೊಟ್ಟೆಯ ಮುಂದೆ ಅಂಗೈಯನ್ನು ದುಂಡಗೆ ಆಡಿಸಿ ತೋರಿಸಿದರು. ಬಸುರಿಯಾ ಎಂದು.

ನಾನಲ್ಲ. ಆದರೆ ಎರಡು ದಿನ ಮೊದಲು ಅಮ್ಮ ಫೋನಿನಲ್ಲಿ ಸಂತೋಷದ ಸುದ್ದಿ ಹೇಳಿದ್ದರು. ಅತ್ತಿಗೆಗೆ ಮೂರು ತಿಂಗಳು. ಮದುವೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ನಮ್ಮಲ್ಲಿ ಮೂರು ತಿಂಗಳು ತುಂಬುವ ತನಕ ಹೇಳುವುದಿಲ್ಲವಲ್ಲ. ಬಸುರಿಯಲ್ಲಿ ಕೆನ್ನೆಯ ಮೇಲೆ ಬಂಗು ಏಳುವುದು ಸಾಮಾನ್ಯ. ಅತ್ತಿಗೆಗೂ ಎದ್ದಿತ್ತು. ಅವರ ಕೈಯಲ್ಲಿ ನಾನು 'ಕಲೆಗೆ' ಎಂದು ಬರೆದುಕೊಟ್ಟ ಟ್ಯೂಬ್ ಇತ್ತು.

ಅಂಗಡಿಯ ಹೊರಗೆ ನಿಂತೇ ಫೋನ್ ಮಾಡಿದೆ. "ಅತ್ತಿಗೆ, ಆ ಹಳದಿ ಮುಲಾಮು ಹಚ್ತಾ ಇದ್ದೀರಾ?" ಎಂದೆ. "ಹೌದು ಮಾರಾಯ್ತಿ, ದಿನಾ ಹಚ್ತೇನೆ, ಸ್ವಲ್ಪ ಉರಿ ಅಷ್ಟೇ. ಒಳ್ಳೇದಲ್ವಾ, ನೀನೇ ಕೊಟ್ಟದ್ದು" ಎಂದರು.

ಅವತ್ತೇ ಅವರು ಡಾಕ್ಟರ ಹತ್ತಿರ ಹೋದರು. ಈಗಲೇ ನಿಲ್ಲಿಸಿ, ಚರ್ಮದಿಂದ ಒಳಗೆ ಹೋಗುವುದು ಕಡಿಮೆ, ಹೆದರಬೇಡಿ, ಆದರೆ ಬಸುರಿಯರು ಈ ಜಾತಿಯ ಔಷಧ ಮುಟ್ಟಲೇಬಾರದು ಎಂದರಂತೆ. ಮಗು ಚೆನ್ನಾಗಿ ಹುಟ್ಟಿತು, ಈಗ ಮೂರನೇ ಕ್ಲಾಸು. ಆದರೆ ಹುಟ್ಟುವ ತನಕ ಪ್ರತಿ ಸ್ಕ್ಯಾನಿಂಗ್ ದಿನ ನಾನು ಊಟ ಮಾಡಿದ್ದಿಲ್ಲ.

ಯಾಕೆ ಹಾಗೆ ಎಂದು ಆಮೇಲೆ ತಿಳಿದುಕೊಂಡೆ. ವಿಟಮಿನ್ ಎ ಮತ್ತು ಅದರ ಬಳಗದವು, ರೆಟಿನಾಲ್ ಎಂದು ಕೇಳಿರುತ್ತೀರಿ, ಚರ್ಮದ ಮೇಲ್ಪದರ ಬೇಗ ಬೇಗ ಬದಲಾಗುವಂತೆ ಮಾಡುತ್ತವೆ. ಕಲೆ ತಿಳಿಯಾಗುವುದು ಅದರಿಂದಲೇ, ಸಿಪ್ಪೆ ಏಳುವುದೂ ಅದರಿಂದಲೇ. ಬಳಸುವುದಾದರೆ ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು, ಮೊದಮೊದಲು ವಾರಕ್ಕೆರಡು ಸಲ, ಹಗಲು ಸನ್‌ಸ್ಕ್ರೀನ್ ಇಲ್ಲದೆ ಹೊರಗೆ ಕಾಲಿಡುವಂತಿಲ್ಲ. ಇದೇ ಬಳಗದ ಐಸೊಟ್ರೆಟಿನಾಯಿನ್ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಂಗದೋಷ ಬರಬಹುದು. ಹಾಗಾಗಿ ಬಸುರಿಯಲ್ಲಿ ಹಚ್ಚುವ ಮುಲಾಮನ್ನೂ ಡಾಕ್ಟರುಗಳು ಬೇಡ ಎನ್ನುತ್ತಾರೆ. ಇಂಥ ಎಚ್ಚರಿಕೆ ಬರೆದಿರುವ ಚೀಟಿಯನ್ನೇ ನಾನು ಬಿಸಾಡಿದ್ದೆ.

ಈಗ ನಿಮ್ಮ ಪ್ರಶ್ನೆ. ಮನೆಯವರಿಗೆಲ್ಲ ಆಗುವ ಕ್ರೀಮ್ ಎಂಬುದನ್ನೇ ಮೊದಲು ತಲೆಯಿಂದ ತೆಗೆಯಿರಿ. ನಿಮ್ಮ ಮನೆಯಲ್ಲಿ ಯಾರಿಗೆ ಮೊಡವೆ, ಯಾರಿಗೆ ಒಣ ಚರ್ಮ, ಯಾರು ಬಸುರಿ, ಯಾರಿಗೆ ಎರಡು ವರ್ಷದ ಮಗು, ಇದನ್ನು ಬರೆದುಕೊಂಡು ಹೋಗಿ. ಕ್ರೀಮಿನ ಹೆಸರುಗಳ ಪಟ್ಟಿ ಬೇಡ, ಮನುಷ್ಯರ ಪಟ್ಟಿ ಇರಲಿ.

ಫ್ರೆಂಚ್ ಫಾರ್ಮಸಿಯಲ್ಲಿ ಎರಡು ಲೋಕವಿದೆ. ಹೊರಗಿನ ಕಪಾಟುಗಳಲ್ಲಿ ಇರುವುದು ಹೆಚ್ಚಾಗಿ ಸೌಂದರ್ಯ ಸಾಮಾನು. ಕೌಂಟರಿನ ಹಿಂದೆ ಇರುವುದು ಔಷಧ. ಪೆಟ್ಟಿಗೆಯ ಮೇಲೆ 'ಮೆದಿಕಮಾ' (médicament) ಎಂಬ ಪದ ಕಂಡರೆ ಅದು ಔಷಧ, ಅದನ್ನು ಉಡುಗೊರೆಯಾಗಿ ಯಾರಿಗೂ ಕೊಡಬೇಡಿ. ಅಷ್ಟೇ. ಒಡೆದ ತುಟಿಗೆ ಒಳ್ಳೆಯದೆಂದು ಎಲ್ಲರೂ ಬರೆಯುವ ಒಮೆಯೊಪ್ಲಾಸ್ಮಿನ್ ಕೂಡ ಔಷಧವೇ. ಅದರಲ್ಲಿ ಬೋರಿಕ್ ಆಸಿಡ್ ಇದೆ, ಪುಟ್ಟ ಮಕ್ಕಳಿಗೆ ಹಚ್ಚುವಂತಿಲ್ಲ. ಇದನ್ನು ಪಟ್ಟಿ ಮಾಡುವವರು ಯಾರೂ ಹೇಳುವುದಿಲ್ಲ.

ಆಂಬ್ರಿಯೊಲಿಸ್ ಎಂಬ ಹಾಲು ಬಣ್ಣದ ಕ್ರೀಮ್ ಎಲ್ಲ ಪಟ್ಟಿಯಲ್ಲೂ ಇರುತ್ತದೆ. 1950ರಿಂದ ಬರುತ್ತಿದೆ, ಮೇಕಪ್ ಮಾಡುವವರಿಗೆ ಪ್ರಾಣ. ಮುಖಕ್ಕೆ ಪಸೆ ಕೊಡುತ್ತದೆ, ಮೇಕಪ್ಪಿಗೆ ತಳವಾಗುತ್ತದೆ, ಮೇಕಪ್ ತೆಗೆಯಲೂ ಬರುತ್ತದೆ. ಆದರೆ ಅದರಲ್ಲಿ ಮಿನರಲ್ ಆಯಿಲ್, ಜೇನುಮೇಣ, ಶಿಯಾ ಬೆಣ್ಣೆ ಎಲ್ಲ ಇದೆ. ತುಲೂಸ್ ಚಳಿಗೆ ಹೇಳಿ ಮಾಡಿಸಿದ್ದು. ಮಂಗಳೂರು, ಉಡುಪಿ, ಕಾರವಾರದ ಸೆಕೆಗೆ ಆಗುವುದಿಲ್ಲ, ನನ್ನ ತಂಗಿಗೆ ಹಣೆ ತುಂಬ ಸಣ್ಣ ಗುಳ್ಳೆ ಬಂತು. ಬೀದರ್, ಕಲಬುರಗಿಯ ಡಿಸೆಂಬರಿಗಾದರೆ ಆದೀತು. ನಿಮ್ಮ ಊರು ಯಾವುದು ಎಂದು ಬರೆದಿಲ್ಲ, ಅದೇ ಮುಖ್ಯ.

ನುಕ್ಸ್ ಕಂಪನಿಯ ಎಣ್ಣೆ ಮುಖಕ್ಕೂ ಮೈಗೂ ಕೂದಲಿಗೂ ಆಗುತ್ತದೆ, ಪರಿಮಳ ಜೋರು. ಪರಿಮಳ ಆಗದ ಚರ್ಮದವರು ದೂರವಿರಿ. ನೀರು ತುಂಬಿದ ಸ್ಪ್ರೇ ಕ್ಯಾನುಗಳನ್ನು ಹೊತ್ತು ತರಬೇಡಿ. ಅವೆನ್ ಎಂಬ ಹಳ್ಳಿಯ ಬುಗ್ಗೆ ನೀರಿಗೆ 1743ರಿಂದ ಚರ್ಮದ ಚಿಕಿತ್ಸೆಗೆ ಜನ ಹೋಗುತ್ತಿದ್ದಾರೆ, ಅದು ನಿಜ, ಆದರೆ ನಿಮ್ಮ ಲಗೇಜಿನ ತೂಕ ನಿಮ್ಮದು. ಬಯೊಡರ್ಮಾದ ಮೇಕಪ್ ತೆಗೆಯುವ ನೀರು ಬೆಂಗಳೂರಿನಲ್ಲೇ ಸಿಗುತ್ತದೆ.

ನನಗೆ ಬಹಳ ಇಷ್ಟವಾದದ್ದು ಯಾರೂ ಹೇಳದ ಒಂದು ಅಗ್ಗದ ಸಾಮಾನು, ಲಿನಿಮಾ. ಆಲಿವ್ ಎಣ್ಣೆ ಮತ್ತು ಸುಣ್ಣದ ತಿಳಿ, ಅಷ್ಟೇ. ಅಲ್ಲಿ ಮಕ್ಕಳ ಡೈಪರ್ ಬದಲಿಸುವಾಗ ಹತ್ತಿಯಲ್ಲಿ ಅದ್ದಿ ಒರೆಸುತ್ತಾರೆ. ಮೊದಲ ಸಲ ಬಾಟಲಿ ಹಿಂದಿನ ಬರಹ ಓದಿದಾಗ ಅಜ್ಜಿಯ ನೆನಪಾಯಿತು. ಅಜ್ಜಿ ಸುಟ್ಟ ಗಾಯಕ್ಕೆ ತೆಂಗಿನೆಣ್ಣೆ ಮತ್ತು ಸುಣ್ಣದ ತಿಳಿಯನ್ನು ಬೆಣ್ಣೆಯಾಗುವ ತನಕ ಬೆರಳಲ್ಲಿ ಕಲಸುತ್ತಿದ್ದರು. ಲಿನಿಮಾದಲ್ಲೂ ಎಣ್ಣೆ ಮೇಲೆ, ನೀರು ಕೆಳಗೆ ನಿಂತಿರುತ್ತದೆ, ಕುಲುಕಿದರೆ ಕೆನೆಯಾಗುತ್ತದೆ. ಮೈಮೇಲಿನ ಗಟ್ಟಿ ಮೇಕಪ್ ತೆಗೆಯಲೂ ನಾನು ಅದನ್ನೇ ಬಳಸುತ್ತೇನೆ. ಕಣ್ಣಿನ ಹತ್ತಿರ ಬೇಡ.

ಹಣ ಹಾಕುವುದಾದರೆ ಸನ್‌ಸ್ಕ್ರೀನಿಗೆ ಹಾಕಿ. ಯುವಿಎ (UVA) ಎಂಬ ಅಕ್ಷರಗಳು ಒಂದು ಸಣ್ಣ ವೃತ್ತದೊಳಗೆ ಇರುವುದನ್ನು ನೋಡಿ ತೆಗೆದುಕೊಳ್ಳಿ. ಯುವಿಎ ಎಂದರೆ ಚರ್ಮದ ಆಳಕ್ಕಿಳಿಯುವ ಬಿಸಿಲ ಕಿರಣ, ಎಸ್‌ಪಿಎಫ್ ಎಂದರೆ ಚರ್ಮ ಸುಡದಂತೆ ಎಷ್ಟು ರಕ್ಷಣೆ ಎಂದು ಹೇಳುವ ಅಂಕಿ. ಎಸ್‌ಪಿಎಫ್ ಎಷ್ಟಿದೆಯೋ ಅದರ ಮೂರನೇ ಒಂದು ಭಾಗದಷ್ಟಾದರೂ ಯುವಿಎ ರಕ್ಷಣೆ ಇದ್ದರೆ ಮಾತ್ರ ಆ ಗುರುತು ಹಾಕುತ್ತಾರೆ. ನಮ್ಮ ಬಿಸಿಲಿಗೆ ಅದು ಬೇಕೇ ಬೇಕು. ಅದರ ಜೊತೆ ಪ್ಯಾಂಥೆನಾಲ್ ಬಾಮ್ ಎರಡು ಮೂರು. ನನ್ನ ಪ್ರಕಾರ ಹತ್ತು ಕೆಲಸದ ಟ್ಯೂಬ್ ಅಂತ ಇದ್ದರೆ ಅದೊಂದೇ. ನನ್ನ ಸುಟ್ಟ ಕೆನ್ನೆಗೂ ಕೊನೆಗೆ ಅದೇ ಬಾಮ್ ಕೊಟ್ಟರು.

ಪ್ಯಾರಿಸ್ಸಿನಲ್ಲಿ ಎಲ್ಲರೂ ರೂ ದ್ಯು ಫೂರ್ ಬೀದಿಯ ಸಿಟಿಫಾರ್ಮಾಗೆ ಹೋಗಿ ಎನ್ನುತ್ತಾರೆ. ಬೆಲೆ ಕಡಿಮೆ, ನಿಜ. ಆದರೆ ಜನ ಜಾಸ್ತಿ, ನಿಂತು ಮಾತಾಡಲು ಆಗುವುದಿಲ್ಲ. ಒಂದೇ ಅಂಗಡಿಯಲ್ಲಿ 100 ಯೂರೋ ದಾಟಿದರೆ ಏರ್‌ಪೋರ್ಟಿನಲ್ಲಿ ತೆರಿಗೆಯ ಒಂದು ಭಾಗ ವಾಪಸು ಸಿಗುತ್ತದೆ, ಆ ಆಸೆಗೆ ಬುಟ್ಟಿ ತುಂಬಬೇಡಿ. ನೀವು ಇಳಿದುಕೊಂಡ ಹೋಟೆಲ್ ಪಕ್ಕದ ಸಣ್ಣ ಫಾರ್ಮಸಿಗೆ ಮಧ್ಯಾಹ್ನದ ಹೊತ್ತು ಹೋಗಿ. ಬಾಗಿಲಲ್ಲೇ 'ಬೋಂಜೂರ್' ಎನ್ನಿ, ಅದನ್ನು ಹೇಳದೆ ಮಾತು ಶುರು ಮಾಡಿದರೆ ಅವರಿಗೆ ಬೇಸರ. ಅಲ್ಲಿ ಫಾರ್ಮಸಿಸ್ಟ್ ಆಗಲು ಕಡಿಮೆ ಎಂದರೂ 6 ವರ್ಷ ಓದಿರಬೇಕು. ಕಾಡಿನಲ್ಲಿ ಕಿತ್ತ ಅಣಬೆಯನ್ನು ಬುಟ್ಟಿಯಲ್ಲಿ ತಂದು, ಇದು ತಿನ್ನಬಹುದಾ ಎಂದು ಅವರಿಗೇ ತೋರಿಸುವ ರೂಢಿಯಿದೆ. ನಿಮ್ಮ ಮನುಷ್ಯರ ಪಟ್ಟಿ ಅವರ ಮುಂದೆ ಇಡಿ. ಅರ್ಥವಾಗದಿದ್ದರೆ ತಲೆ ಆಡಿಸಬೇಡಿ, ಫೋನಿನಲ್ಲಿ ಬರೆಸಿಕೊಳ್ಳಿ.

ಪೆಟ್ಟಿಗೆ ಮಾತ್ರ ಬಿಸಾಡಬೇಡಿ. ಜಾಗ ಸಾಲದಿದ್ದರೆ ಒಂದು ಟ್ಯೂಬ್ ಕಡಿಮೆ ತನ್ನಿ.

ಹೋದ ವರ್ಷ ಮತ್ತೆ ಫ್ರಾನ್ಸಿಗೆ ಹೋಗಿದ್ದಾಗ ಅತ್ತಿಗೆ ತಾವಾಗಿಯೇ ಹಿಮ್ಮಡಿಗೆ ಆ ಬಿಳಿ ಬಾಮ್ ಬೇಕು ಎಂದು ಹೇಳಿ ಕಳಿಸಿದ್ದರು. ಪೆಟ್ಟಿಗೆ ಸಮೇತ ಕೊಟ್ಟೆ. ನನ್ನೆದುರೇ ಕನ್ನಡಕ ಹಾಕಿಕೊಂಡು, ಫೋನಿನ ಕ್ಯಾಮೆರಾ ಹಿಡಿದು, ಹಿಂದೆ ಬರೆದಿದ್ದನ್ನು ಒಂದೊಂದು ಸಾಲೂ ಇಂಗ್ಲಿಷಿಗೆ ತಿರುಗಿಸಿ ಓದಿದರು. ನಾನು ಪಕ್ಕದಲ್ಲಿ ಕೂತು ಮುಗಿಯುವ ತನಕ ಕಾದೆ.